ಬುಧವಾರ ಎಂದು ಹೋದ ಸಂದೇಶ

ಪ್ರೋಗ್ರಾಮ್ ಬರೆಯುವುದು ನನ್ನ ಕಸುಬು. ಕಾಸರಗೋಡಿನ ಕುಂಬಳೆ ಪೇಟೆಯಲ್ಲಿ ಗೊಬ್ಬರದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನನ್ನದೊಂದು ಕೋಣೆ ಇದೆ. ಸಹಕಾರಿ ಸಂಘಗಳಿಗೆ, ರಕ್ತ ಪರೀಕ್ಷೆಯ ಲ್ಯಾಬುಗಳಿಗೆ, ಟ್ಯೂಷನ್ ಸೆಂಟರುಗಳಿಗೆ ಬೇಕಾದ ಸಣ್ಣಪುಟ್ಟ ಸಾಫ್ಟ್‌ವೇರ್‌ಗಳನ್ನು ಅಲ್ಲಿ ಕುಳಿತು ಮಾಡಿಕೊಡುತ್ತೇನೆ. ಇಂಥ ಕೆಲಸದವಳಿಗೆ ಹೊಸ ಯಂತ್ರಗಳೆಂದರೆ ಪ್ರಾಣ ಎಂದು ಬಂಧುಗಳೆಲ್ಲ ತಿಳಿದಿದ್ದಾರೆ. ಮದುವೆಮನೆಗೆ ಹೋದರೆ ಊಟದ ಪಂಕ್ತಿಯಲ್ಲೇ ಯಾರಾದರೂ ಒಬ್ಬರು ಬಾಗಿ, ಯಾವ ಫೋನ್ ತೆಗೆದುಕೊಳ್ಳುವುದು ಒಳ್ಳೆಯದು ಎಂದು ಕೇಳುತ್ತಾರೆ. ಈಗ ಇರುವ ಫೋನ್ ಹಾಳಾಗಿದೆಯಾ ಎಂದು ನಾನು ತಿರುಗಿ ಕೇಳುತ್ತೇನೆ. ಇಲ್ಲ ಎಂದರೆ, ಹಾಗಾದರೆ ಬೇಡ ಎನ್ನುತ್ತೇನೆ. ಅವರ ಮುಖ ಸಪ್ಪೆಯಾಗುತ್ತದೆ. ಪಕ್ಕದವರೊಡನೆ ಬೇರೆ ಮಾತು ಶುರುಮಾಡುತ್ತಾರೆ.

ನಿಜ ಹೇಳಬೇಕೆಂದರೆ ನನಗೆ ಹೊಸದು ಎಂದರೆ ಹೆದರಿಕೆ. ನಾನು ಕೋಡ್ ಬರೆಯಲು ಬಳಸುವ ಎಡಿಟರ್ ತಂತ್ರಾಂಶ ಕಾಲೇಜಿನಲ್ಲಿ ಕಲಿತದ್ದೇ. ಅದರಲ್ಲಿ ಬಣ್ಣ ಇಲ್ಲ, ಚಿತ್ರ ಇಲ್ಲ. ಯಾವ ಅಕ್ಷರ ಒತ್ತಿದರೆ ಏನಾಗುತ್ತದೆ ಎಂದು ನನ್ನ ಬೆರಳುಗಳಿಗೆ ಗೊತ್ತು. ಕಂಪ್ಯೂಟರಿನ ಮೂಲೆಯಲ್ಲಿ 'ಅಪ್‌ಡೇಟ್ ಸಿದ್ಧವಾಗಿದೆ' ಎಂಬ ಸಾಲು ಕಂಡರೆ ಕೂಡಲೇ ಅದನ್ನು ಮುಚ್ಚಿಬಿಡುತ್ತೇನೆ. ನಿನ್ನೆಯವರೆಗೆ ಸರಿಯಾಗಿ ನಡೆದದ್ದು ನಾಳೆ ನಡೆಯದೆ ಹೋಗಬಹುದು, ನಡೆಯದೆ ಹೋದದ್ದು ನನಗೆ ಗೊತ್ತೇ ಆಗದಿರಬಹುದು ಎಂಬ ಹೆದರಿಕೆ ಅದು. ಫ್ಯಾನ್ ಕೆಡುವಾಗ ಶಬ್ದ ಮಾಡುತ್ತದೆ. ಮಿಕ್ಸಿ ಸುಡುವ ಮೊದಲು ವಾಸನೆ ಬರುತ್ತದೆ. ನಾನು ಮಾಡುವ ವಸ್ತುವಿಗೆ ವಾಸನೆಯೂ ಇಲ್ಲ, ಶಬ್ದವೂ ಇಲ್ಲ. ಅದು ಕೆಟ್ಟ ಮೇಲೂ ನಗುನಗುತ್ತ ಕೆಲಸ ಮಾಡುತ್ತಲೇ ಇರುತ್ತದೆ.

ಇಷ್ಟೆಲ್ಲ ಎಚ್ಚರ ಇದ್ದವಳ ಕೈಯಿಂದಲೇ ಆದ ಕೆಲಸವೊಂದನ್ನು ಇಲ್ಲಿ ಬರೆಯಬೇಕಾಗಿದೆ.

ನಮ್ಮ ಕಡೆ ಧರ್ಮಾರ್ಥವಾಗಿ ನಡೆಯುವ ಡಯಾಲಿಸಿಸ್ ಕೇಂದ್ರವೊಂದು ಇದೆ. ಕೆಲವೇ ಯಂತ್ರಗಳು, ಕಾಯುವವರು ತುಂಬ. ಯಾರು ಯಾವ ವಾರ, ಯಾವ ಹೊತ್ತಿಗೆ ಬರಬೇಕು ಎಂದು ಹಿಂದಿನ ದಿನ ಸಂಜೆ ಅಲ್ಲಿನ ಹಿರಿಯ ನರ್ಸ್ ಒಬ್ಬೊಬ್ಬರಿಗೇ ಫೋನ್ ಮಾಡಿ ನೆನಪಿಸುತ್ತಿದ್ದರು. ಅವರು ಪಯ್ಯನ್ನೂರು ಕಡೆಯವರು, ಮಲಯಾಳ ಮಾತಾಡುವವರು. ಇಲ್ಲಿಗೆ ಬಂದ ಮೇಲೆ ಕನ್ನಡವನ್ನು ಕಿವಿಯಲ್ಲೇ ಕಲಿತಿದ್ದರು. ಅವರ ಗಂಟಲು ನೋಯುವುದನ್ನು ನೋಡಿ, ಫೋನಿಗೆ ತಾನಾಗಿಯೇ ಸಂದೇಶ ಹೋಗುವ ಪ್ರೋಗ್ರಾಮ್ ಒಂದನ್ನು ನಾನು ಮಾಡಿಕೊಟ್ಟೆ. ರೋಗಿಗಳು ಬಯಸಿದ ಭಾಷೆ ಆರಿಸಬಹುದು: ಮಲಯಾಳ ಅಥವಾ ಕನ್ನಡ. ಹೆಚ್ಚಿನವರು ಮಲಯಾಳ ಆರಿಸಿದರು. ಕನ್ನಡ ಬೇಕೆಂದವರು ಹನ್ನೊಂದು ಜನ.

ನಮ್ಮ ಲಿಪಿಗಳಲ್ಲಿ ಒಂದು ಸಂದೇಶಕ್ಕೆ ಹಿಡಿಯುವ ಅಕ್ಷರಗಳು ಕಡಿಮೆ. ಹೆಸರು, ಹೊತ್ತು, ಕೇಂದ್ರದ ಹೆಸರು ಎಲ್ಲ ಸೇರಿದರೆ ಸಂದೇಶ ಎರಡಾಗಿ ಒಡೆದು, ಎರಡನೆಯದು ಮೊದಲು ತಲುಪುತ್ತಿತ್ತು. ಅದಕ್ಕಾಗಿ ನಾನು ತಾರೀಖನ್ನು ತೆಗೆದುಹಾಕಿ ವಾರದ ಹೆಸರನ್ನು ಮಾತ್ರ ಉಳಿಸಿದ್ದೆ. 'ತಮ್ಮ ಸರದಿ ಮಂಗಳವಾರ ಬೆಳಿಗ್ಗೆ ಏಳಕ್ಕೆ.' ಓದಲು ಚೆನ್ನಾಗಿತ್ತು. ಎರಡು ವರ್ಷ ಯಾವ ತೊಂದರೆಯೂ ಇಲ್ಲದೆ ನಡೆಯಿತು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಸಂದೇಶ ಕಳಿಸುವ ಕಂಪೆನಿಯವರಿಂದ ಒಂದು ಪತ್ರ ಬಂತು. ಹಳೆಯ ವಿಧಾನವನ್ನು ನಿಲ್ಲಿಸುತ್ತೇವೆ, ಹೊಸ ವಿಧಾನಕ್ಕೆ ಬದಲಾಯಿಸಿಕೊಳ್ಳಿ ಎಂದು. ನಾನು ಮುಂದೂಡುತ್ತ ಹೋದೆ. ಕೊನೆಗೆ ಗಡುವಿಗೆ ನಾಲ್ಕು ದಿನ ಉಳಿದಾಗ, ಎಲ್ಲರೂ ಹೊಗಳುತ್ತಿದ್ದ ಆ ಕೋಡ್ ಬರೆಯುವ ಸಹಾಯಕನನ್ನು ಮೊದಲ ಬಾರಿಗೆ ಕರೆದೆ. ಅದು ಕೃತಕ ಬುದ್ಧಿಯದ್ದು. ನಾವು ಬೇಕಾದದ್ದನ್ನು ಮಾತಿನಲ್ಲಿ ಹೇಳಿದರೆ ಅದು ಕೋಡ್ ಬರೆದು ಮಸುಕು ಬಣ್ಣದಲ್ಲಿ ತೋರಿಸುತ್ತದೆ. ಒಪ್ಪಿಗೆಯಾದರೆ ಟ್ಯಾಬ್ ಕೀ ಒತ್ತಬೇಕು, ಅಷ್ಟೇ.

ಅದು ಕೆಟ್ಟ ಸಾಧನ ಎಂದು ನಾನು ಹೇಳುವುದಿಲ್ಲ. ಒಂದು ವಾರ ಹಿಡಿಯುವ ಕೆಲಸವನ್ನು ಅದು ಮಧ್ಯಾಹ್ನದ ಊಟದೊಳಗೆ ಮುಗಿಸಿತು. ನನ್ನ ಹಳೆಯ ಕೋಡಿನಲ್ಲಿ ನಾನೇ ಮರೆತಿದ್ದ ಎರಡು ತಪ್ಪುಗಳನ್ನು ತೋರಿಸಿಕೊಟ್ಟಿತು. ನಾನು ಟ್ಯಾಬ್ ಒತ್ತಿದೆ, ಮತ್ತೆ ಒತ್ತಿದೆ. ಮೊದಲ ಇಪ್ಪತ್ತು ಸಲ ಪ್ರತಿಯೊಂದು ಸಾಲನ್ನೂ ಓದಿದ್ದೇನೆ. ಆಮೇಲೆ ಕಣ್ಣು ಸಾಲಿನ ಮೇಲೆ ಜಾರುತ್ತಿತ್ತು, ಬೆರಳು ತಾನಾಗಿ ಇಳಿಯುತ್ತಿತ್ತು. ವಾರದ ಹೆಸರುಗಳ ಜಾಗಕ್ಕೆ ಬಂದಾಗ ಒಂದು ಕ್ಷಣ ಏನೋ ಅನಿಸಿದ್ದು ಈಗಲೂ ನೆನಪಿದೆ. ಸ್ವಲ್ಪ ನಿಂತೆ. ಅಷ್ಟರಲ್ಲಿ ಪರದೆಯ ಕೆಳಗೆ ಹಸಿರು ಅಕ್ಷರದಲ್ಲಿ 'ಎಲ್ಲ ಪರೀಕ್ಷೆಗಳೂ ಪಾಸಾಗಿವೆ' ಎಂದು ಬಂತು. ಆ ಪರೀಕ್ಷೆಗಳನ್ನು ಬರೆದದ್ದೂ ಅದೇ ಸಹಾಯಕ ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ. ಪ್ರಶ್ನೆಪತ್ರಿಕೆ, ಉತ್ತರ, ಮೌಲ್ಯಮಾಪನ ಎಲ್ಲ ಒಬ್ಬರದ್ದೇ. ನಾನು ಟ್ಯಾಬ್ ಒತ್ತಿ ಮುಂದೆ ಹೋದೆ.

ಭಾನುವಾರ ನರ್ಸಿನ ಫೋನಿಗೆ ಒಂದು ಸಂದೇಶ ಕಳಿಸಿ ನೋಡಿದೆವು. ಮಲಯಾಳದಲ್ಲಿ ಸರಿಯಾಗಿ ಬಂತು. "ಕೊಳ್ಳಾಂ," ಎಂದರು, ಚೆನ್ನಾಗಿದೆ ಎಂಬ ಅರ್ಥದಲ್ಲಿ. ಸೋಮವಾರ ಕೇಂದ್ರಕ್ಕೆ ರಜೆ. ಆ ಸಂಜೆ ಹೊಸ ಪ್ರೋಗ್ರಾಮ್ ಮೊದಲ ಬಾರಿಗೆ ಮಂಗಳವಾರದವರಿಗೆಲ್ಲ ಸಂದೇಶ ಕಳಿಸಿತು.

ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ನರ್ಸ್ ಫೋನ್ ಮಾಡಿದರು. ನನ್ನನ್ನು ಅವರು ಚೇಚಿ, ಅಂದರೆ ಅಕ್ಕ, ಎಂದೇ ಕರೆಯುವುದು.

"ಚೇಚಿ, ಏಳು ಗಂಟೆಯ ಬ್ಯಾಚಿನಲ್ಲಿ ಮೂರು ಬೆಡ್ ಖಾಲಿ ಉಂಟು. ಮೂರೂ ಕನ್ನಡದವರು. ಎಂತ ಆದದ್ದು?"

ನಾನು ಚಹಾ ಲೋಟ ಇಟ್ಟು ಲ್ಯಾಪ್‌ಟಾಪ್ ತೆರೆದೆ. ಕಳಿಸಿದ ಸಂದೇಶಗಳ ಪಟ್ಟಿಯಲ್ಲಿ ಮೊದಲ ಕನ್ನಡ ಸಾಲನ್ನೇ ಓದಿದ್ದು. 'ತಮ್ಮ ಸರದಿ ಬುಧವಾರ ಬೆಳಿಗ್ಗೆ ಏಳಕ್ಕೆ.'

ತಪ್ಪು ಎಲ್ಲಿದೆ ಎಂದು ಕಂಡುಹಿಡಿಯಲು ಎರಡು ನಿಮಿಷವೂ ಬೇಕಾಗಲಿಲ್ಲ. ಮಲಯಾಳದ ವಾರಗಳ ಹೆಸರನ್ನು ಪ್ರೋಗ್ರಾಮ್ ತಾನೇ ಸಿದ್ಧವಾಗಿ ಕೊಡುತ್ತಿತ್ತು. ಕನ್ನಡದ್ದು ಮಾತ್ರ ಹಿಂದೆ ಸರಿಯಾಗಿ ಬರುತ್ತಿರಲಿಲ್ಲವಾದ್ದರಿಂದ ನಾನೇ ಕೈಯಲ್ಲಿ ಬರೆದಿಟ್ಟಿದ್ದೆ, ಸೋಮವಾರದಿಂದ ಶುರುಮಾಡಿ. ಸಹಾಯಕ ತಂದ ಹೊಸ ಲೆಕ್ಕ ಭಾನುವಾರದಿಂದ ಶುರುವಾಗುತ್ತಿತ್ತು. ಹೀಗಾಗಿ ಕನ್ನಡದಲ್ಲಿ ಮಾತ್ರ ಪ್ರತಿಯೊಂದು ವಾರದ ಹೆಸರೂ ಒಂದೊಂದು ದಿನ ಮುಂದಕ್ಕೆ ಸರಿದಿತ್ತು.

ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡೆ. ಸೀದಾ ಕೇಂದ್ರಕ್ಕೆ ಹೋದೆ. ಅಷ್ಟರಲ್ಲಿ ನರ್ಸ್ ಇಬ್ಬರಿಗೆ ಫೋನ್ ಮಾಡಿ ವಿಷಯ ತಿಳಿಸಿದ್ದರು. ಸೀತಾಂಗೋಳಿಯವರು ಆಟೋದಲ್ಲಿ ಹೊರಟಿದ್ದರು, ಬದಿಯಡ್ಕದವರು ಅಳಿಯನ ಕಾರಿಗೆ ಕಾಯುತ್ತಿದ್ದರು. ಮೂರನೆಯವರ ಫೋನ್ ಮಾತ್ರ ವ್ಯಾಪ್ತಿಯ ಹೊರಗಿತ್ತು. ಅವರು ದೇಲಂಪಾಡಿ ಕಡೆಯವರು, ಕಾಡಿನ ಅಂಚಿನಲ್ಲಿ ಮನೆ, ರೇಡಿಯೋ, ಟಿ.ವಿ., ಮಿಕ್ಸಿ ರಿಪೇರಿ ಮಾಡುವವರು. ಐವತ್ತೈದರ ಆಸುಪಾಸಿನ, ಸಣಕಲು ದೇಹದ ಅವರನ್ನು ಒಂದೆರಡು ಸಲ ನೋಡಿದ ನೆನಪಿತ್ತು.

"ನಾಳೆ ಬೆಳಿಗ್ಗೆ ಅವರೇ ಬರುವರಲ್ಲ? ಒಂದು ದಿನದ ವ್ಯತ್ಯಾಸ ಅಲ್ವಾ?" ಎಂದೆ. ಹಾಗಲ್ಲ ಎಂದು ಯಾರಾದರೂ ಹೇಳುವರೇನೋ ಎಂಬ ಭಯದಿಂದಲೇ ಕೇಳಿದ್ದು.

ನರ್ಸ್ ದಾಖಲೆಯ ಹಾಳೆ ತಿರುವಿ ನನ್ನ ಮುಂದೆ ಹಿಡಿದರು. "ಶುಕ್ರವಾರ ಬಿ.ಪಿ. ಇಳಿದು ಅರ್ಧದಲ್ಲೇ ನಿಲ್ಲಿಸಿದ್ದು. ನೀರು ಪೂರ್ತಿ ತೆಗೀಲಿಕ್ಕೆ ಆಗ್ಲಿಲ್ಲ. ಅವರಿಗೆ ಇವತ್ತು ಆಗ್ಲೇಬೇಕು. ನಾಳೆವರೆಗೆ ಕಾಯುವ ಕೇಸ್ ಅಲ್ಲ ಚೇಚಿ."

ಬೇರೆ ನಂಬರ್ ಇಲ್ಲವೇ ಎಂದು ಹುಡುಕಿದೆವು. ಹೆಂಡತಿಯದ್ದು, ನೆರೆಮನೆಯದ್ದು, ಯಾರದ್ದೂ ಇಲ್ಲ. ಇರಲು ಸಾಧ್ಯವೇ ಇರಲಿಲ್ಲ. ನೋಂದಣಿಯ ಫಾರ್ಮಿನಲ್ಲಿ ಒಂದೇ ನಂಬರಿಗೆ ಜಾಗ ಇಟ್ಟದ್ದು ನಾನೇ. ಪರದೆ ಅಚ್ಚುಕಟ್ಟಾಗಿ ಕಾಣಲಿ ಎಂದು. ಹಳೆಯ ರಿಜಿಸ್ಟರಿನ ಅಂಚಿನಲ್ಲಿ ನರ್ಸ್ ಪೆನ್ಸಿಲಿನಲ್ಲಿ ಎಷ್ಟೋ ನಂಬರುಗಳನ್ನು ಗೀಚಿಟ್ಟಿದ್ದರಂತೆ. ಆ ರಿಜಿಸ್ಟರ್ ಈಗ ಎಲ್ಲಿದೆಯೋ ಅವರಿಗೂ ಗೊತ್ತಿರಲಿಲ್ಲ. ಆ ವಾರ್ಡಿನ ಆಶಾ ಕಾರ್ಯಕರ್ತೆಯ ನಂಬರನ್ನು ಪಂಚಾಯತಿನಿಂದ ಪಡೆದು ಫೋನ್ ಮಾಡಿದರೆ, ಆಕೆ ಅದೇ ಬೆಳಿಗ್ಗೆ ತರಬೇತಿಗೆಂದು ಕಾಸರಗೋಡಿನ ಬಸ್ಸಿನಲ್ಲಿದ್ದರು.

"ನಾನೇ ಹೋಗಿ ಕರ್ಕೊಂಡು ಬರ್ತೇನೆ," ಎಂದೆ.

ನರ್ಸ್ ನನ್ನನ್ನು ಒಮ್ಮೆ ನೋಡಿ, ಬೇಡ ಎನ್ನಲಿಲ್ಲ. "ಹನ್ನೆರಡೂವರೆವರೆಗೆ ಬೆಡ್ ಹಿಡಿದಿಡ್ತೇನೆ. ಉಸಿರಾಟ ಕಷ್ಟ ಉಂಟಾದರೆ ಇಲ್ಲಿಗೆ ತರ್ಬೇಡಿ, ದಾರಿಯಲ್ಲಿ ಸಿಕ್ಕುವ ದೊಡ್ಡ ಆಸ್ಪತ್ರೆಗೇ ಹೋಗಿ," ಎಂದಷ್ಟೇ ಹೇಳಿದರು.

ನನ್ನದು ಹಳೆಯ ಸಣ್ಣ ಕಾರು. ಪವರ್ ಸ್ಟೇರಿಂಗ್ ಕೂಡ ಇಲ್ಲ. ಬದಿಯಡ್ಕ ದಾಟಿ ಮುಳ್ಳೇರಿಯ ಮುಟ್ಟುವವರೆಗೆ ರಸ್ತೆ ಒಳ್ಳೆಯದಿತ್ತು, ನನ್ನ ಮನಸ್ಸು ಮಾತ್ರ ಒಳ್ಳೆಯದಿರಲಿಲ್ಲ. ಇನ್ನು ಎಂಟು ಜನ ಕನ್ನಡದವರಿದ್ದಾರೆ, ಅವರಿಗೆ ಸಂದೇಶ ಹೋಗುವ ಮೊದಲು ಪ್ರೋಗ್ರಾಮನ್ನು ನಿಲ್ಲಿಸಬೇಕಿತ್ತು. ನಿಲ್ಲಿಸಿದೆನೋ ಇಲ್ಲವೋ ಎಂಬ ಅನುಮಾನ ಬಂದು ಕಾರಡ್ಕದ ಬಳಿ ಕಾರನ್ನು ಬದಿಗೆ ಹಾಕಿದೆ. ಫೋನಿನಿಂದಲೇ ಒಳಗೆ ಹೋಗಿ ನೋಡಿದೆ. ನಿಲ್ಲಿಸಿದ್ದೆ. ಎರಡು ಕಿಲೋಮೀಟರ್ ಹೋದ ಮೇಲೆ ಸರಿಯಾಗಿ ನೋಡಿದೆನೋ ಇಲ್ಲವೋ ಎಂದು ಮತ್ತೆ ಅನಿಸಿತು. ಮತ್ತೆ ನಿಲ್ಲಿಸಿ ನೋಡಿದೆ.

ಗಲ್ಫಿನಲ್ಲಿರುವ ತಂಗಿ ತಂದುಕೊಟ್ಟ ಸ್ಮಾರ್ಟ್ ವಾಚ್ ನನ್ನ ಎಡಗೈಯಲ್ಲಿತ್ತು. ಆಕೆಗೆ ಬೇಸರವಾಗಬಾರದೆಂದು ಕಟ್ಟಿಕೊಳ್ಳುತ್ತಿದ್ದೆ. ಅದು ಮಣಿಕಟ್ಟಿನ ಮೇಲೆ ಜುಮುಜುಮು ಎಂದಿತು. ನೋಡಿದರೆ, ನಿಮ್ಮ ಹೃದಯದ ಬಡಿತ ಹೆಚ್ಚಾಗಿದೆ, ಒಂದು ನಿಮಿಷ ದೀರ್ಘವಾಗಿ ಉಸಿರಾಡುವಿರಾ ಎಂಬ ಪ್ರಶ್ನೆ. ಕೆಳಗೆ ಅರಳುವ ಹೂವಿನ ಚಿತ್ರ. ನನ್ನ ಎದೆ ಹೊಡೆದುಕೊಳ್ಳುತ್ತಿದೆ ಎಂದು ನನಗೆ ಹೇಳಲು ಒಂದು ಯಂತ್ರ ಬೇಕೇ? ಅದನ್ನು ಬಿಚ್ಚಿ ಪಕ್ಕದ ಸೀಟಿಗೆ ಎಸೆದೆ. ಆ ಸೀಟಿನ ಮೇಲೂ ಅದು ಇನ್ನೊಮ್ಮೆ ನಡುಗಿತು.

ಅಡೂರು ದಾಟಿದ ಮೇಲೆ ಫೋನಿಗೆ ಕರ್ನಾಟಕಕ್ಕೆ ಸ್ವಾಗತ ಎಂಬ ಸಂದೇಶ ಬಂತು. ನಾನು ಗಡಿ ದಾಟಿರಲಿಲ್ಲ, ಫೋನ್ ದಾಟಿತ್ತು. ಸ್ವಲ್ಪ ಹೊತ್ತಿನಲ್ಲಿ ಅದೂ ಹೋಗಿ ಸಿಗ್ನಲ್ಲೇ ಇಲ್ಲವಾಯಿತು. ನಕ್ಷೆಯ ನೀಲಿ ಗೆರೆ ಮಾತ್ರ ಧೈರ್ಯವಾಗಿ ಬಲಕ್ಕೆ ತಿರುಗು ಎಂದು ತೋರಿಸುತ್ತಲೇ ಇತ್ತು. ತಿರುಗಿದೆ. ರಬ್ಬರ್ ಮರಗಳ ನಡುವೆ ಮಣ್ಣಿನ ದಾರಿ ಕಿರಿದಾಗುತ್ತ ಹೋಗಿ, ಒಂದು ಮುರಿದ ಮೋರಿಯ ಎದುರು ಮುಗಿಯಿತು. ಗೆರೆ ಮೋರಿಯ ಆಚೆಗೂ ನೇರವಾಗಿ ಹೋಗಿತ್ತು. ಗಂಟೆ ಹತ್ತೂ ಮೂವತ್ತು. ಹಿಂದಕ್ಕೆ ತೆಗೆಯಲು ಹೋಗಿ ಚಕ್ರ ಒಮ್ಮೆ ಚರಂಡಿಯ ಅಂಚಿಗೆ ಜಾರಿತು. ನಾನು ಬ್ರೇಕಿನ ಮೇಲೆ ಕಾಲಿಟ್ಟು ಕುಳಿತುಬಿಟ್ಟೆ. ಕಣ್ಣಲ್ಲಿ ನೀರು ಬಂತು ಎಂದು ಬರೆಯಲು ಈಗ ನಾಚಿಕೆ ಇಲ್ಲ.

ರಬ್ಬರ್ ಹಾಲಿನ ಬಕೆಟ್ ಹಿಡಿದ ಹೆಂಗಸೊಬ್ಬರು ಮರಗಳ ಎಡೆಯಿಂದ ಬಂದು ಕಿಟಕಿಯ ಬಳಿ ನಿಂತರು. ತುಳುವಿನಲ್ಲಿ ಏನೋ ಕೇಳಿದವರು, ನನ್ನ ಮುಖ ನೋಡಿ ಕನ್ನಡಕ್ಕೆ ತಿರುಗಿದರು. "ಎಲ್ಲಿಗೆ ಹೋಗ್ಬೇಕು ನಿಮಗೆ?"

ರಿಪೇರಿಯವರ ಮನೆ ಎಂದೆ.

"ರೇಡಿಯೋದವರದ್ದಾ? ಇಲ್ಲಿ ಯಾಕೆ ಬಂದ್ರಿ ಮಾರಾಯ್ತಿ? ಈ ಮೋರಿ ಮುರಿದು ಮೂರು ಮಳೆಗಾಲ ಆಯ್ತು. ವಾಪಸ್ ಹೋಗಿ, ಹಾಲಿನ ಸೊಸೈಟಿಯ ಹತ್ರ ಎಡಕ್ಕೆ ಇಳೀರಿ. ಅಂಗಳದಲ್ಲಿ ಟಿ.ವಿ. ಪೆಟ್ಟಿಗೆ ರಾಶಿ ಉಂಟು, ಕಾಣದೆ ಇರ್ಲಿಕ್ಕಿಲ್ಲ." ಬಕೆಟ್ ಕೆಳಗಿಟ್ಟು, ಹಿಂದೆ ನಿಂತು, ಎರಡು ಕೈಯಲ್ಲೂ ಸನ್ನೆ ಮಾಡುತ್ತ ನನ್ನ ಕಾರನ್ನು ದಾರಿಗೆ ತಂದುಕೊಟ್ಟರು.

ಅಂಗಳದಲ್ಲಿ ನಿಜವಾಗಿಯೂ ಹಳೆಯ ಟಿ.ವಿ.ಗಳ ರಾಶಿ ಇತ್ತು. ಜಗಲಿಯಲ್ಲಿ ಉದ್ದನೆಯ ಬೆಂಚು, ಅದರ ಮೇಲೆ ಹೊಟ್ಟೆ ಬಿಚ್ಚಿದ ಮಿಕ್ಸಿ. ಅದರ ಹಿಂದೆ ಅವರು ಕುಳಿತಿದ್ದರು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು. ಕಾಲುಗಳನ್ನು ಎದುರಿನ ಸ್ಟೂಲಿನ ಮೇಲೆ ಇಟ್ಟಿದ್ದರು. ಪಾದಗಳು ಹೊಳೆಯುವಷ್ಟು ಊದಿದ್ದವು. ನನ್ನನ್ನು ಕಂಡು ಏಳಲು ಹೋದವರು ಅರ್ಧಕ್ಕೆ ನಿಂತು ಉಸಿರು ಎಳೆದುಕೊಂಡರು.

"ನಾನು ಡಯಾಲಿಸಿಸ್ ಕೇಂದ್ರದಿಂದ ಬಂದದ್ದು. ನಿಮ್ಮ ಸರದಿ ಇವತ್ತು. ಮೆಸೇಜ್ ತಪ್ಪಾಗಿ ಹೋಗಿದೆ," ಎಂದೆ ಒಂದೇ ಉಸಿರಿಗೆ.

ಅವರು ಭೂತಗನ್ನಡಿ ತೆಗೆದರು. "ಹಾಗಾದ್ರೆ ಇವತ್ತೇ ಅಲ್ವಾ? ನನಗೆ ಅನಿಸಿತ್ತು." ಕೈ ಗೋಡೆಯ ಕ್ಯಾಲೆಂಡರ್ ಕಡೆ ಹೋಯಿತು. ಅದರಲ್ಲಿ ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ ನೀಲಿ ಪೆನ್ನಿನ ಸುತ್ತು. "ನಿನ್ನೆ ಸಂಜೆ ಹಿಂದಿನ ಕಲ್ಲಿನ ಮೇಲೆ ಹತ್ತಿ ಫೋನ್ ನೋಡಿದೆ, ಅಲ್ಲಿ ಮಾತ್ರ ರೇಂಜ್ ಸಿಕ್ಕುವುದು. ಬುಧವಾರ ಅಂತ ಇತ್ತು. ಹೆಂಡತಿ ಹೇಳಿದ್ಲು, ಯಾವಾಗ್ಲೂ ಮಂಗಳವಾರ ಅಲ್ವಾ, ಹೋಗಿಬಿಡಿ ಅಂತ. ನಾನೇ ಹೇಳಿದೆ, ಕಂಪ್ಯೂಟರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತುಂಟಾ ಅಂತ."

ಅವರ ತೋಳು ಹಿಡಿದು ಮೆಟ್ಟಿಲು ಇಳಿಸಿದೆ. ಅಂಗಳ ದಾಟುವಷ್ಟರಲ್ಲಿ ಎರಡು ಸಲ ನಿಂತರು. ಹೆಂಡತಿ ಹತ್ತಿರದ ಅಂಗನವಾಡಿಯಲ್ಲಿ ಸಹಾಯಕಿ. ದಾರಿಯಲ್ಲೇ ಕಾರು ನಿಲ್ಲಿಸಿ ಹಾರ್ನ್ ಹೊಡೆದೆವು. ಅವರು ಗಂಜಿಯ ಸೌಟು ಕೈಯಲ್ಲಿ ಹಿಡಿದೇ ಓಡಿಬಂದರು. ವಿಷಯ ಕೇಳಿ, ಸೌಟನ್ನು ಟೀಚರ ಕೈಗೆ ಕೊಟ್ಟು, ಹಿಂದಿನ ಸೀಟಿನಲ್ಲಿ ಗಂಡನ ಪಕ್ಕ ಕುಳಿತರು. ದಾರಿಯುದ್ದಕ್ಕೂ ಆಕೆ ಕಿಟಕಿಯ ಹೊರಗೇ ನೋಡುತ್ತಿದ್ದರು.

ಮುಳ್ಳೇರಿಯದ ಹತ್ತಿರ ರಿಪೇರಿಯವರ ಉಸಿರಿನ ಶಬ್ದ ಎಂಜಿನ್ನಿನ ಶಬ್ದಕ್ಕಿಂತ ಹೆಚ್ಚಾಗಿ ಕೇಳತೊಡಗಿತು. ಯಾವುದಾದರೂ ಆಸ್ಪತ್ರೆಗೆ ತಿರುಗಿಸಲೇ ಎಂದು ಕೇಳಿದೆ. ಅವರು ಬೇಡವೆಂದು ತಲೆಯಾಡಿಸಿದರು. ನನಗೆ ಅವರನ್ನು ನಂಬಬೇಕೋ ಬಿಡಬೇಕೋ ತಿಳಿಯಲಿಲ್ಲ. ಕಾರು ನಿಲ್ಲಿಸಿ ನರ್ಸಿಗೆ ಫೋನ್ ಮಾಡಿದೆ. ಅವರು ನನ್ನ ಜೊತೆ ಮಾತಾಡದೆ ಫೋನನ್ನು ರೋಗಿಯ ಕೈಗೆ ಕೊಡಲು ಹೇಳಿದರು. ಒಂದು ಪೂರ್ತಿ ವಾಕ್ಯ ಹೇಳಲು ಆಗುತ್ತದೆಯೇ, ಬೆವರುತ್ತಿದೆಯೇ, ಎದೆ ಹಿಡಿದಂತೆ ಆಗಿದೆಯೇ ಎಂದು ಕೇಳಿದ್ದು ನನಗೂ ಕೇಳಿಸುತ್ತಿತ್ತು. ಆಮೇಲೆ ನನಗೆ ಹೇಳಿದರು: "ಕಿಟಕಿ ತೆರೆದು ನೆಟ್ಟಗೆ ಕೂರ್ಸಿ, ಬೇಗ ಬನ್ನಿ. ಡಾಕ್ಟರನ್ನು ಕರೀತೇನೆ."

ಬೇಗ ಹೋದೆ. ನನ್ನ ಗಮನ ರಸ್ತೆಯ ಮೇಲಿರಲಿ ಎಂದೋ, ತಮ್ಮ ಗಮನ ಉಸಿರಿನ ಮೇಲಿರದಿರಲಿ ಎಂದೋ, ಅವರು ತಡೆತಡೆದು ಮಾತಾಡಿದರು.

"ಮೆಸೇಜ್... ಯಾರು ಬರೆದದ್ದು?"

"ನಾನೇ. ಅಂದರೆ, ನನ್ನ ಪ್ರೋಗ್ರಾಮ್. ಹೊಸತಾಗಿ ಬದಲಾಯಿಸಿದೆ. ಕಂಪ್ಯೂಟರೇ ಬರೆದುಕೊಟ್ಟದ್ದನ್ನು ಹಾಕಿದೆ."

"ಬಿಚ್ಚಿ ನೋಡ್ಲಿಲ್ವಾ?"

"ಪೂರ್ತಿ ನೋಡ್ಲಿಲ್ಲ."

ಉಸಿರು ಎಳೆದುಕೊಂಡು ಹೇಳಿದರು, "ನಾನು ಒಂದು ಸಲ ಹೊಸ ಸ್ಪೀಕರ್ ಬಾಕ್ಸ್... ಹಾಗೇ ಕಟ್ಟಿ ಕೊಟ್ಟೆ. ಕಂಪೆನಿಯದ್ದಲ್ವಾ, ಸರಿ ಇರ್ತದೆ ಅಂತ. ಮದುವೆ ಮಂಟಪದಲ್ಲಿ ಸುಟ್ಟುಹೋಯ್ತು. ಆ ಮನೆಯವರು ಮತ್ತೆ ಕರೀಲೇ ಇಲ್ಲ." ನಗಲು ಹೋಗಿ ಕೆಮ್ಮಿದರು.

ಹೆಂಡತಿ ಆಗ ಮೊದಲ ಬಾರಿಗೆ ಮಾತಾಡಿದರು. "ಅದು ಸ್ಪೀಕರ್. ಇದು ನಿಮ್ಮ ಜೀವ. ಸುಮ್ಮನೆ ಕೂತ್ಕೊಳ್ಳಿ."

ನನ್ನನ್ನು ಬೈದದ್ದಲ್ಲ. ಆದರೂ ಕನ್ನಡಿಯಲ್ಲಿ ಹಿಂದೆ ನೋಡುವುದನ್ನು ಬಿಟ್ಟೆ.

ಹನ್ನೆರಡೂ ಇಪ್ಪತ್ತಕ್ಕೆ ತಲುಪಿದೆವು. ಬಾಗಿಲಲ್ಲೇ ಗಾಲಿಕುರ್ಚಿ ಹಿಡಿದು ನರ್ಸ್ ನಿಂತಿದ್ದರು. ಆಮ್ಲಜನಕದ ಮಾಸ್ಕ್ ಹಾಕಿ ಒಳಗೆ ಕರೆದೊಯ್ದರು, ಡಾಕ್ಟರು ಹಿಂದೆಯೇ ಹೋದರು. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನಲ್ಲಿ ನಾನೂ ಅವರ ಹೆಂಡತಿಯೂ ಉಳಿದೆವು. ಬೆಳಗಿನ ಇಬ್ಬರು ಅಷ್ಟು ಹೊತ್ತಿಗೆ ಯಂತ್ರದಲ್ಲಿದ್ದರು. ಅವರಿಗೆ ತಡವಾದದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ.

ಕ್ಷಮೆ ಕೇಳಬೇಕು ಎಂದು ನಾನು ಮೂರು ಸಲ ಬಾಯಿ ತೆರೆದಿರಬೇಕು. ಕೊನೆಗೆ ಕೇಳಿದೆ. ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನೀವು ಬಂದಿರಲ್ಲ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನನ್ನ ನಂಬರ್ ಬರ್ಕೊಳ್ಳಿ," ಎಂದರು. ಬರೆದುಕೊಂಡೆ. ಕಾಗದದ ಮೇಲೆ, ಪೆನ್ನಿನಲ್ಲಿ. ಆಕೆ ಅದನ್ನು ಎರಡು ಸಲ ಓದಿಸಿದರು.

ಡಾಕ್ಟರು ಹೊರಗೆ ಬಂದು, ಶ್ವಾಸಕೋಶಕ್ಕೆ ನೀರು ಏರಲು ಶುರುವಾಗಿತ್ತು, ಈಗ ಇಳಿಯುತ್ತಿದೆ, ನಾಳೆಗೆ ಬಿಟ್ಟಿದ್ದರೆ ಕಷ್ಟವಿತ್ತು ಎಂದರು. ಯಾರ ತಪ್ಪು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಅನಿಸಿತು.

ಮುಂದಿನ ನಾಲ್ಕು ಗಂಟೆ ಆ ಬೆಂಚಿನಲ್ಲೇ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಸಹಾಯಕ ಬರೆದ ಪ್ರತಿಯೊಂದು ಸಾಲನ್ನೂ ಓದಿದೆ. ತುಟಿ ಅಲ್ಲಾಡಿಸುತ್ತ, ಶಾಲೆಯ ಮಕ್ಕಳಂತೆ. ವಾರದ ತಪ್ಪನ್ನು ಬಿಟ್ಟರೆ ಉಳಿದದ್ದೆಲ್ಲ ಸರಿಯಾಗಿತ್ತು. ಒಂದೆರಡು ಕಡೆ ನನಗಿಂತ ಚೆನ್ನಾಗಿಯೇ ಬರೆದಿತ್ತು. ಅದು ನನಗೆ ಸಮಾಧಾನ ಕೊಡಲಿಲ್ಲ. ಇಡೀ ಕೋಡ್ ಕೆಟ್ಟದಾಗಿದ್ದರೆ ನಾನು ಮೊದಲೇ ಎಚ್ಚರಗೊಳ್ಳುತ್ತಿದ್ದೆ. ನಾನು ಕೈಯಾರೆ ಬರೆದಿದ್ದರೆ ತಪ್ಪು ಮಾಡುತ್ತಿರಲಿಲ್ಲ ಎಂದೂ ಹೇಳಲಾರೆ. ಒಂದೇ ನಂಬರಿನ ಫಾರ್ಮನ್ನು ಬರೆದದ್ದು ಯಾವ ಸಹಾಯಕನೂ ಅಲ್ಲ.

ಸಂಜೆ ನರ್ಸ್ ಕೈ ತೊಳೆದು ನನ್ನ ಪಕ್ಕ ಬಂದು ಕುಳಿತರು. ಕೋಪ ಇತ್ತು, ಆದರೆ ದನಿ ಏರಿಸಲಿಲ್ಲ.

"ಭಾನುವಾರ ನೀವು ನನಗೆ ಮಲಯಾಳದ್ದು ಮಾತ್ರ ತೋರಿಸಿದ್ರಿ. ನಾನು ಕೊಳ್ಳಾಂ ಅಂದೆ. ಕನ್ನಡದ್ದು ಹೇಗುಂಟು ಅಂತ ನಾನೂ ಕೇಳ್ಲಿಲ್ಲ. ನನಗೆ ಓದ್ಲಿಕ್ಕೆ ಬರುವುದಿಲ್ಲ, ಚೇಚಿ. ಓದ್ಲಿಕ್ಕೆ ಬರುವ ಒಬ್ಬರಿಗೆ ತೋರಿಸದೆ ಇನ್ನು ಕಳಿಸ್ಬೇಡಿ."

ಯಾರಿಗೆ ತೋರಿಸುವುದು ಎಂಬ ಪ್ರಶ್ನೆಗೆ ಉತ್ತರ ತೆರೆದಿದ್ದ ಬಾಗಿಲಿನ ಆಚೆ, ರೇಡಿಯೋದವರ ಬೆಡ್ಡಿನಿಂದಲೇ ಬಂತು. ಮಾಸ್ಕ್ ತೆಗೆದಿದ್ದರು, ಮುಖಕ್ಕೆ ಬಣ್ಣ ಬಂದಿತ್ತು. "ನನಗೆ ಕಳಿಸಿ ಮಾರಾಯ್ರೆ. ನಾನು ಕಲ್ಲು ಹತ್ತಿ ನೋಡಿ ಹೇಳ್ತೇನೆ."

ನಾನು ತಮಾಷೆ ಎಂದುಕೊಂಡೆ. ಅವರು ತಮಾಷೆ ಮಾಡಿರಲಿಲ್ಲ.

ಆ ವಾರವೇ ಸಂದೇಶದಲ್ಲಿ ತಾರೀಖನ್ನು ಮತ್ತೆ ಸೇರಿಸಿದೆ. ಎರಡಾಗಿ ಒಡೆದರೆ ಒಡೆಯಲಿ ಎಂದು. ಫಾರ್ಮಿನಲ್ಲಿ ಮೂರು ನಂಬರಿಗೆ ಜಾಗ ಮಾಡಿದೆ. ನರ್ಸ್ ಹೊಸದೊಂದು ರಿಜಿಸ್ಟರ್ ತರಿಸಿದರು, ಸಂದೇಶ ಹೋದ ಮೇಲೂ ದೂರದವರಿಗೆ ಫೋನ್ ಮಾಡತೊಡಗಿದರು. ಹಾಗಾದರೆ ನನ್ನ ಪ್ರೋಗ್ರಾಮ್ ಏತಕ್ಕೆ ಎಂದು ನಾನು ಕೇಳಲಿಲ್ಲ. ಯಾವುದೇ ಬದಲಾವಣೆ ಮಾಡಿದಾಗ ಮೊದಲ ಸಂದೇಶ ದೇಲಂಪಾಡಿಗೆ ಹೋಗುತ್ತಿತ್ತು. ಸಂಜೆ ಆರಕ್ಕೆ ಅವರ ಫೋನ್ ಬರುತ್ತಿತ್ತು, ಹಿಂದೆ ಗಾಳಿಯ ಶಬ್ದ.

"ಶುಕ್ರವಾರ ಅಂತ ಉಂಟು, ತಾರೀಖು ಸರಿ ಉಂಟು. ಆದ್ರೆ ಇದೆಂತ, 'ತಮ್ಮ ಸರದಿ'? ನಾವೇನು ರೇಷನ್ ಅಂಗಡಿಯಲ್ಲಿ ನಿಂತಿದ್ದೇವಾ? 'ನೀವು ಬರಬೇಕಾದ ದಿನ' ಅಂತ ಹಾಕಿ."

ಹಾಗೆಯೇ ಹಾಕಿದೆ. ಇನ್ನೊಮ್ಮೆ, ಬೆಳಿಗ್ಗೆ ಏಳು ಎಂದು ಅಕ್ಷರದಲ್ಲಿ ಬರೆದರೆ 'ಏಳು, ಎದ್ದೇಳು' ಎಂದಂತೆ ಕೇಳುತ್ತದೆ, ಅಂಕೆಯಲ್ಲಿ ಹಾಕಿ ಎಂದರು. ಅದನ್ನೂ ಮಾಡಿದೆ. ನನ್ನ ಕಸುಬಿನಲ್ಲಿ ಇಷ್ಟು ವರ್ಷ ಎಷ್ಟೋ ಪರೀಕ್ಷೆಯ ಸಾಧನಗಳನ್ನು ಬಳಸಿದ್ದೇನೆ. ಬಳಸುವವನ ಕಿವಿಯಿಂದ ಕೇಳಿ ತಪ್ಪು ಹಿಡಿದದ್ದು ಒಂದೂ ಇಲ್ಲ.

ಆ ಸಹಾಯಕನನ್ನು ನಾನು ಬಿಟ್ಟೆನೇ ಎಂದು ಕೇಳುವವರಿದ್ದಾರೆ. ಬಿಟ್ಟಿಲ್ಲ. ಬಿಟ್ಟು ಬದುಕುವ ಕಾಲವೂ ಇದಲ್ಲ, ಹೊಸ ಗಡುವುಗಳು ಬರುತ್ತಲೇ ಇರುತ್ತವೆ. ಆದರೆ ಅದರ ಸೆಟ್ಟಿಂಗಿನಲ್ಲಿ ಟ್ಯಾಬ್ ಕೀಲಿಯ ಒಪ್ಪಿಗೆಯನ್ನು ತೆಗೆದುಹಾಕಿದ್ದೇನೆ. ಅದು ತೋರಿಸಿದ್ದನ್ನು ನೋಡಿ ನಾನೇ ಮತ್ತೆ ಟೈಪ್ ಮಾಡುತ್ತೇನೆ. ನಿಧಾನವಾಗುತ್ತದೆ. ಜೊತೆಯ ಪ್ರೋಗ್ರಾಮರುಗಳು ನಗುತ್ತಾರೆ. ಟೈಪ್ ಮಾಡುವಾಗ ಬೆರಳು ಒಂದು ಕಡೆ ಎಡವುತ್ತದೆ, ಎಡವಿದ ಕಡೆ ನಿಂತು ಓದುತ್ತೇನೆ.

ಹೆದರಿಕೆ ಮಾತ್ರ ಹೋಗಿಲ್ಲ. ಸಂಜೆ ಸಂದೇಶ ಹೋಗುವ ಹೊತ್ತಿಗೆ ಎಲ್ಲಿದ್ದರೂ ಫೋನ್ ತೆಗೆದು ಪಟ್ಟಿ ನೋಡುತ್ತೇನೆ. ತಂಗಿಯ ಮಗಳ ನಾಮಕರಣದಲ್ಲಿ, ಆರತಿ ಎತ್ತುವ ಹೊತ್ತಿಗೆ, ಕಂಬದ ಹಿಂದೆ ನಿಂತು ಕನ್ನಡದ ಸಾಲುಗಳನ್ನೆಲ್ಲ ಓದಿ ಬಂದೆ. ಎಲ್ಲ ಸರಿ ಇದ್ದರೂ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ನೋಡುತ್ತೇನೆ.

ಈ ಬೇಸಗೆಯಲ್ಲಿ ಗಡಿಯ ಆಚೆ, ರೇಡಿಯೋದವರ ಮನೆಗೆ ಹತ್ತಿರದಲ್ಲೇ, ಹೊಸ ಡಯಾಲಿಸಿಸ್ ಕೇಂದ್ರ ಶುರುವಾಯಿತು. ಅವರು ಅಲ್ಲಿಗೆ ಬದಲಾಯಿಸಿಕೊಂಡರು. ಇಷ್ಟು ದೂರ ಬರುವ ಕಷ್ಟ ತಪ್ಪಿತು ಎಂದು ನರ್ಸಿಗೂ ನನಗೂ ಸಂತೋಷವೇ ಆಯಿತು. ಕೊನೆಯ ದಿನ ಅವರ ಹೆಂಡತಿ ಗೆಣಸಿನ ಹಪ್ಪಳದ ಕಟ್ಟು ತಂದುಕೊಟ್ಟರು, ನರ್ಸಿಗೊಂದು, ನನಗೊಂದು. ಮೊನ್ನೆ ಅವರು ಕಲ್ಲಿನ ಮೇಲಿಂದ ಫೋನ್ ಮಾಡಿದ್ದರು. ಅಲ್ಲಿ ಸಂದೇಶ ಕಳಿಸುವ ಪದ್ಧತಿ ಇಲ್ಲವಂತೆ, ಒಬ್ಬರು ಚೀಟಿ ಬರೆದು ಕೊಡುತ್ತಾರಂತೆ, ಕೈಬರಹ ಓದಲಾಗುವುದಿಲ್ಲವಂತೆ.

"ನಿಮ್ಮದನ್ನು ಇಲ್ಲಿಗೂ ಹಾಕ್ಲಿಕ್ಕೆ ಆಗ್ತದಾ ಅಂತ ಇಲ್ಲಿಯವರು ಕೇಳ್ತಿದ್ದಾರೆ. ನಾನೇ ಹೇಳಿದ್ದು ಅವರಿಗೆ."

ಯೋಚಿಸಿ ಹೇಳುತ್ತೇನೆ ಎಂದೆ.

"ಎಂತ ಯೋಚನೆ? ಹೆದರಿಕೆಯಾ?"

"ಹೌದು."

"ಇರ್ಲಿ, ಅವಸರ ಇಲ್ಲ," ಎಂದರು. ಆಮೇಲೆ ಯಾರದೋ ಟಿ.ವಿ.ಯಲ್ಲಿ ಚಿತ್ರ ಬರುತ್ತದೆ, ಮಾತು ಬರುವುದಿಲ್ಲ, ಅದನ್ನು ನೋಡಬೇಕು ಎಂದು ಫೋನ್ ಇಟ್ಟರು.